ಡಬ್ಬದ ಕಳಲೆಗೆ ಇನ್ನೊಂದು ಕುದಿ

ಮಳೆ ಹಿಡಿದು ಮೂರು ವಾರವಾಯಿತೆಂದರೆ ಬಾನ್ ಪಾಂಗ್‌ಸೋಮ್ ಊರಿನಲ್ಲಿ ಎಲ್ಲರಿಗೂ ಒಂದೇ ತಾಪತ್ರಯ: ಕಳಲೆ. ಬೆಟ್ಟದ ಬಿದಿರುಮೆಳೆಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೇ ಮೊಳೆಯುತ್ತವೆ. ಬೆಳಿಗ್ಗೆ ಕಳಲೆ ಸಾರು, ಮಧ್ಯಾಹ್ನ ಕಳಲೆ ಪಲ್ಯ, ಸಂಜೆಗೆ ಪಕ್ಕದ ಮನೆಯವರು ಕೊಟ್ಟ ಕಳಲೆ. ತಿಂದು ಮುಗಿಯದು, ಬಿಸಾಡಲು ಮನಸ್ಸು ಬಾರದು, ಇಟ್ಟರೆ ಕೊಳೆಯುತ್ತದೆ. ಆಗ ಊರವರು ಬುಟ್ಟಿ ಹೊತ್ತುಕೊಂಡು ಸೆಂಗ್ದಾಳ ಮನೆಗೆ ಬರುತ್ತಾರೆ.

ಸೆಂಗ್ದಾಳಿಗೆ ಅರವತ್ತೊಂದು ವರ್ಷ. ಡಬ್ಬಕ್ಕೆ ಕಳಲೆ ತುಂಬುವುದರಲ್ಲಿ ಆ ಸುತ್ತಮುತ್ತಲಲ್ಲೇ ಅವಳನ್ನು ಮೀರಿಸಿದವರಿಲ್ಲ. ಸಿಪ್ಪೆ ಸುಲಿದು ಬೇಯಿಸುತ್ತಾಳೆ. ಚೌಕದ ತಗಡಿನ ಡಬ್ಬದಲ್ಲಿ ಒತ್ತಾಗಿ ಜೋಡಿಸಿ ನೀರು ತುಂಬುತ್ತಾಳೆ. ಡಬ್ಬವನ್ನೇ ಒಲೆಯ ಮೇಲಿಟ್ಟು ಕುದಿಸಿ, ಬಿಸಿಯಾರುವ ಮೊದಲೇ ಬಾಯಿಗೆ ಬೆಸುಗೆ ಹಾಕುತ್ತಾಳೆ. ಕೊಯ್ಲಿನ ಕಾಲಕ್ಕೆ ತೆರೆದರೆ ಕಳಲೆ ನಿನ್ನೆ ಕಿತ್ತು ತಂದ ಹಾಗೆ ಬಿಳಿಯಾಗಿ, ಸಿಹಿಯಾಗಿ ಇರುತ್ತದೆ. ಅದೆಲ್ಲ ಅವಳ ಕೈಗುಣ ಎಂದು ಊರು ಹೇಳುತ್ತದೆ. ಹೌದೆಂದು ಅವಳೂ ಹೇಳುತ್ತಾಳೆ.

ಅದಕ್ಕೊಂದು ಕಟ್ಟಳೆಯೂ ಇತ್ತು. ತೆರೆದ ಡಬ್ಬದ ಕಳಲೆಯನ್ನು ಹಾಗೇ ಹೋಳು ಮಾಡಿ, ಸುಟ್ಟ ಮೆಣಸಿನಕಾಯಿ ಚಟ್ನಿಗೆ ಅದ್ದಿ ತಿನ್ನಬೇಕು. ಮತ್ತೆ ಒಲೆಗಿಟ್ಟರೆ ಡಬ್ಬ ಮಾಡಿದವಳಿಗೆ ಅವಮಾನ. ನಿನ್ನ ಡಬ್ಬ ಕೆಟ್ಟಿದೆ ಎಂದು ಊರಿಗೆ ಸಾರಿದ ಹಾಗೆ. ಒಂದು ವರ್ಷ ಹೊಸದಾಗಿ ಬಂದ ಸೊಸೆಯೊಬ್ಬಳು ತಿಳಿಯದೆ ಕುದಿಸಿಬಿಟ್ಟಿದ್ದಳು. ಅವಳ ಅತ್ತೆ ಬಾಳೆಗೊನೆ ಹೊತ್ತು ಬಂದು ಸೆಂಗ್ದಾಳ ಕ್ಷಮೆ ಕೇಳಬೇಕಾಯಿತು.

ಕೊಯ್ಲು ಶುರುವಾಗುವ ಹೊತ್ತಿಗೆ ಪಿಂಪಾ ಬಂದಳು. ಮೂರು ಮನೆ ಆಚೆಯವಳು, ಊರಿನ ಆರೋಗ್ಯ ಕಾರ್ಯಕರ್ತೆ. ಕೈಯಲ್ಲಿ ಒಂದು ಕರಪತ್ರ.

"ದೊಡ್ಡಮ್ಮ, ಕೂತ್ಕೊಂಡು ಕೇಳಿ. ಬೈಬೇಡಿ."

"ಬೈಬೇಡಿ ಅಂತ ಶುರು ಮಾಡಿದ್ಯಾ ಅಂದ್ರೆ ಬೈಯೋ ವಿಷಯನೇ ತಂದಿದೀಯ. ಹೇಳು."

"ಈ ವರ್ಷದ ಡಬ್ಬ ತೆರೆದ ಮೇಲೆ ಒಳಗಿನ ನೀರು ಚೆಲ್ಲಿ, ಬೇರೆ ನೀರು ಹಾಕಿ, ಕೊತಕೊತ ಅಂತ ಅರ್ಧ ಗಂಟೆ ಕುದಿಸಿ ತಿನ್ನೋಕೆ ಹೇಳ್ಬೇಕು, ಎಲ್ರಿಗೂ."

ಸೆಂಗ್ದಾ ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿದಳು. "ಯಾರ ಡಬ್ಬ?"

"ಯಾರದ್ದಾದ್ರೂ."

"ಊರಲ್ಲಿ ಡಬ್ಬ ಮಾಡೋದು ಯಾರು? ನಾನು. ಇಲ್ಲಾಂದ್ರೆ ಆ ಕೇವ್ಮಾ. ಅವಳ ಡಬ್ಬಾನ ಅವಳ ನಾಯಿನೂ ಮೂಸಲ್ಲ. ಅಂದ್ರೆ ನೀನು ಹೇಳ್ತಿರೋದು ನನ್ನ ಡಬ್ಬದ ಮಾತು. ಮೂವತ್ತು ವರ್ಷದಲ್ಲಿ ಒಬ್ಬರಿಗಾದ್ರೂ ಹೊಟ್ಟೆ ನೊಂದಿದೆಯಾ?"

"ಇಲ್ಲ."

"ನಿಮ್ಮಮ್ಮ ನಿನ್ನ ಬಸುರೀಲಿ ನನ್ನ ಕಳಲೆ ಬೇಕೂಂತ ಅತ್ತಿದ್ಲು, ಗೊತ್ತಾ? ಅದನ್ನೇ ತಿಂದು ಹುಟ್ಟಿದೋಳು ಈಗ ನನಗೇ ಪಾಠ ಹೇಳೋಕೆ ಬಂದ್ಲು."

ಪಿಂಪಾ ನಕ್ಕಳು. ಆದರೆ ಎದ್ದು ಹೋಗಲಿಲ್ಲ. "ನಿಮ್ಮ ಕೈ ಕೆಟ್ಟದ್ದು ಅಂತಲ್ಲ ದೊಡ್ಡಮ್ಮ. ಮಣ್ಣಲ್ಲಿ ಒಂದು ರೋಗಾಣು ಇರುತ್ತೆ. ಅದರ ಬೀಜ ಬಲು ಗಟ್ಟಿ. ನೀವು ಡಬ್ಬಾನ ಗಂಟೆಗಟ್ಟಲೆ ಕುದಿಸಿದ್ರೂ ಸಾಯಲ್ಲ. ಗಾಳಿ ಇಲ್ಲದ ಕಡೆ, ಹುಳಿ ಇಲ್ಲದ ಕಡೆ ಅದು ಮೊಳೆತು ವಿಷ ಬಿಡುತ್ತೆ. ನೀವು ಬೆಸುಗೆ ಹಾಕಿ ಮುಚ್ಚಿದ್ರೆ ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಒಂದು ಸಮಾಧಾನ ಏನಂದ್ರೆ, ಬೀಜ ಗಟ್ಟಿಯಾದ್ರೂ ವಿಷ ಮೆತ್ತಗೆ. ತೆರೆದ ಮೇಲೆ ಚೆನ್ನಾಗಿ ಕುದಿಸಿದ್ರೆ ವಿಷ ಸಾಯುತ್ತೆ."

"ಕೆಟ್ಟಿದ್ರೆ ವಾಸನೆ ಬರಲ್ವಾ? ನನಗೇನು ಮೂಗಿಲ್ವಾ?"

"ಈ ವಿಷಕ್ಕೆ ವಾಸನೆ ಬರಲೇಬೇಕು ಅಂತಿಲ್ಲ. ಬಣ್ಣವೂ ಬದಲಾಗದೆ ಇರಬಹುದು."

"ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣಿಗೆ ಕಾಣಲ್ಲ. ನಿನ್ನ ರೋಗಾಣು ರೋಗಾಣು ಅಲ್ಲ ಕಣೇ, ದೆವ್ವ. ದೆವ್ವ ಬಿಡಿಸೋಕೆ ಬೇರೆಯವರಿದ್ದಾರೆ. ಹೋಗು."

ಪಿಂಪಾ ಹೋದಳು. ಆ ವಾರ ಹನ್ನೊಂದು ಡಬ್ಬಗಳು ಹನ್ನೊಂದು ಮನೆಗಳಿಗೆ ಹೋದವು. ಒಂದೊಂದರ ಮೇಲೂ ಸೆಂಗ್ದಾ ಗುರುತಿಗೆ ಕೆಂಪು ಬಣ್ಣದ ಬೊಟ್ಟು ಇಟ್ಟಿದ್ದಳು. ಕುದಿಸಿ ಎಂದು ಯಾರಿಗೂ ಹೇಳಲಿಲ್ಲ. ಹನ್ನೆರಡನೆಯದನ್ನು ಮನೆಗೆ ಉಳಿಸಿಕೊಂಡಳು.

ಹುಣ್ಣಿಮೆಯ ದಿನ ಸಂಜೆ ನಾಲ್ಕಕ್ಕೆ ಆ ಡಬ್ಬ ತೆರೆದಳು. ಬುಸ್ಸೆಂದು ಗಾಳಿ ಬರಲಿಲ್ಲ, ನೊರೆ ಬರಲಿಲ್ಲ, ಎಂದಿನಂತೆ ಬಿಳಿ ಕಳಲೆ. ಅಂದು ಅವಳು ಹುಣ್ಣಿಮೆಯ ಶೀಲವ್ರತ ಹಿಡಿದಿದ್ದಳು. ಮಧ್ಯಾಹ್ನದ ಮೇಲೆ ಏನೂ ತಿನ್ನುವಂತಿಲ್ಲ. ಗಂಡ ಇಂತಾನಿಗೆ ಅಂಥ ಕಟ್ಟುಪಾಡಿರಲಿಲ್ಲ. ಅಂಟಕ್ಕಿ ಅನ್ನದ ಉಂಡೆ ಮಾಡಿಕೊಂಡು, ಚಟ್ನಿಗೆ ಅದ್ದಿ ಅದ್ದಿ ಒಂದು ತಟ್ಟೆ ಕಳಲೆ ಮುಗಿಸಿದ.

"ಈ ಸಲ ಇನ್ನೂ ಚೆನ್ನಾಗಿದೆ," ಎಂದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕೂತು ಕಣ್ಣುಜ್ಜಿಕೊಳ್ಳುತ್ತಿದ್ದ. "ಏ ಇವಳೇ, ಕೋಳಿ ಎಷ್ಟಿವೆ ನಮ್ಮಲ್ಲಿ? ಎರಡರಷ್ಟು ಕಾಣ್ತಿವೆ. ನೀನೂ ಇಬ್ಬರು ಕಾಣ್ತೀಯ."

"ಒಬ್ಬಳ ಜತೆಗೇ ಏಗಕ್ಕಾಗಲ್ಲ ಅಂತಿದ್ಯಲ್ಲ. ಈಗ ಅನುಭವಿಸು."

ಅವನು ನಗಲು ಹೋದ, ಮುಖ ನಗಲಿಲ್ಲ. ರೆಪ್ಪೆಗಳು ಜೋತುಬಿದ್ದಿದ್ದವು. ನೀರು ಕೇಳಿದ, ಮಾತು ತೊದಲಿತು. ಕೊಟ್ಟ ನೀರು ಗಂಟಲಲ್ಲಿ ಇಳಿಯದೆ ಮೂಗಿನಿಂದ ಹೊರಬಂತು. ಸೆಂಗ್ದಾ ಚೀರಿದಳು. ಪಿಂಪಾ ಓಡಿ ಬಂದು ಅವನ ಮುಖ ನೋಡಿದವಳೇ ಪಕ್ಕದ ಮನೆಯ ಪಿಕಪ್ ಗಾಡಿ ತರಿಸಿದಳು.

ಆಸ್ಪತ್ರೆ ಅರ್ಧ ಗಂಟೆ ದಾರಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಲಕ್ವವಿರಬಹುದೇ ಎಂದು ನೋಡಿದರು. ಜ್ವರವಿಲ್ಲ, ಬುದ್ಧಿ ಸರಿಯಿದೆ, ಕಣ್ಣು ಗಂಟಲು ಎರಡೂ ಸೋಲುತ್ತಿವೆ. ಸೆಂಗ್ದಾಳ ಕಡೆ ತಿರುಗಿದರು.

"ನಿನ್ನೆ ಮೊನ್ನೆ ಏನು ತಿಂದ್ರು ಅಮ್ಮ? ಎಲ್ಲಾ ಹೇಳಿ. ಮನೇಲಿ ಡಬ್ಬಕ್ಕೆ ಹಾಕಿದ್ದು ಏನಾದ್ರೂ?"

"ಅನ್ನ. ಮೀನು. ಸೊಪ್ಪಿನ ಸಾರು," ಎಂದಳು ಸೆಂಗ್ದಾ.

ಡಬ್ಬದ ಮಾತು ಅವಳ ಬಾಯಿಂದ ಹೊರಡಲಿಲ್ಲ. ಅವಳೇನು ಕೆಟ್ಟ ಹೆಂಗಸಲ್ಲ. ಮೂವತ್ತು ವರ್ಷದ ಹೆಸರು ಒಂದು ಕಡೆ, ಗಂಡನ ಉಸಿರು ಒಂದು ಕಡೆ ಎಂದು ತೂಗಿ ನೋಡಿ ಸುಳ್ಳು ಹೇಳಿದ್ದೂ ಅಲ್ಲ. ತನ್ನ ಕೈಯ ಡಬ್ಬ ಹೀಗೆ ಮಾಡೀತು ಎಂದು ನಂಬಲು ಅವಳಿಗೆ ಆಗಲಿಲ್ಲ, ಅಷ್ಟೇ. ಆದರೆ ಸುಳ್ಳು ಸುಳ್ಳೇ. ಅದು ಒಂದು ಗಂಟೆ ತಿಂದುಹಾಕಿತು. ಅಷ್ಟರಲ್ಲಿ ಇಂತಾನ ಎದೆ ಏರಿಳಿಯುವುದು ಕಡಿಮೆಯಾಗಿ ಬಾಯಿಗೆ ಕೊಳವೆ ಹಾಕಿದರು.

ಪಿಂಪಾ ಅವಳನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಮ್ಮ, ಒಂದೇ ಮಾತು. ಡಬ್ಬ ತೆರೆದ್ರಾ?"

ಸೆಂಗ್ದಾ ಗೋಡೆ ನೋಡಿದಳು.

"ಇದಕ್ಕೆ ವಿಷ ಮುರಿಯೋ ಔಷಧಿ ಇದೆ. ದೊಡ್ಡ ಊರಿಂದ ತರಿಸ್ಬೇಕು. ಎಷ್ಟು ಬೇಗ ಕೊಟ್ರೆ ಅಷ್ಟು ಒಳ್ಳೇದು. ನಿಮ್ಮ ಒಂದು ಮಾತಿಗೆ ಕಾಯ್ತಿದಾರೆ."

"ತೆರೆದೆ," ಎಂದಳು ಸೆಂಗ್ದಾ. "ನಾಲ್ಕು ಗಂಟೆಗೆ. ಒಂದು ತಟ್ಟೆ ತಿಂದ. ಕುದಿಸಲಿಲ್ಲ." ಹೇಳಿ ಮುಖ ಮುಚ್ಚಿಕೊಂಡು ಅತ್ತಳು.

ಪಿಂಪಾ ಒಳಗೆ ಓಡಿದಳು. ಡಾಕ್ಟರು ಫೋನು ಎತ್ತಿದರು. ಪಿಂಪಾ ಹೊರಗೆ ಬಂದು ತನ್ನ ಫೋನು ಎತ್ತಿದಳು. ಇನ್ನೂ ಹನ್ನೊಂದು ಡಬ್ಬಗಳಿದ್ದವಲ್ಲ. ಊರ ಮುಖಂಡ ಧ್ವನಿವರ್ಧಕದಲ್ಲಿ ಕೂಗಿ ಹೇಳಿದ. ಒಂಬತ್ತು ಮನೆಯವರು ಡಬ್ಬ ತೆರೆದಿರಲಿಲ್ಲ, ಒಂದು ಮನೆಯವರು ತೆರೆದಿಟ್ಟಿದ್ದರು, ತಿಂದಿರಲಿಲ್ಲ. ಹನ್ನೊಂದನೆಯ ಮನೆ ಕೇವ್ಮಾಳದು. ಅಂದು ಧ್ವನಿವರ್ಧಕ ಕೇಳಿಸದಷ್ಟು ದೂರದ ಅವಳ ಗದ್ದೆಯಲ್ಲಿ ಕೊಯ್ಲು. ಒಬ್ಬರ ಗದ್ದೆಗೊಬ್ಬರು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳುಗಳು ಇಪ್ಪತ್ತಮೂರು ಜನ. ಸೆಂಗ್ದಾಳ ಕಳಲೆ ಇಲ್ಲದಿದ್ದರೆ ಕುಡುಗೋಲು ಎತ್ತಲ್ಲ ಎಂದು ಅವರು ತಮಾಷೆ ಮಾಡಿದ್ದರಿಂದ, ಇಷ್ಟವಿಲ್ಲದಿದ್ದರೂ ಅವಳೂ ಒಂದು ಡಬ್ಬ ಇಸಿದುಕೊಂಡಿದ್ದಳು.

ಪಿಂಪಾ ಫೋನು ಮಾಡಿ ಕಳಲೆ ತಿನ್ನಬೇಡಿ ಎನ್ನುವಷ್ಟರಲ್ಲೇ, ಮುಂದಿನ ಮಾತು ಕೇಳದೆ ಕೇವ್ಮಾ ನಕ್ಕಳು. "ನಿನ್ನ ಕರಪತ್ರ ನಮ್ಮನೆ ಒಲೆ ಹಚ್ಚೋಕೆ ಆಯ್ತು ಕಣಮ್ಮ. ಸೆಂಗ್ದಾಳ ಡಬ್ಬ ಕೆಟ್ಟಿದೆ ಅಂತ ನಾನು ಇವರ ಮುಂದೆ ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಅವಳೇ ಬಂದು ಹೇಳಲಿ." ಫೋನು ಇಟ್ಟಳು. ಗಂಟೆ ಹನ್ನೊಂದು ದಾಟಿತ್ತು. ಹನ್ನೆರಡಕ್ಕೆ ಊಟ.

ಸೆಂಗ್ದಾ ಗಾಜಿನಾಚೆ ಮಲಗಿದ್ದ ಗಂಡನನ್ನು ನೋಡಿದಳು. ಅವನ ಬದಲು ಯಂತ್ರ ಉಸಿರಾಡುತ್ತಿತ್ತು. ಇಲ್ಲಿ ಕೂತು ಅವಳು ಮಾಡುವಂಥದ್ದು ಏನೂ ಇರಲಿಲ್ಲ.

"ಸ್ಕೂಟರು ತರಿಸು," ಎಂದಳು ಪಿಂಪಾಳಿಗೆ.

ಇಬ್ಬರೂ ಸ್ಕೂಟರಿನಿಂದ ಇಳಿದಾಗ ಗದ್ದೆಯ ಬದುವಿನ ಮೇಲೆ ಚಾಪೆ ಹಾಸಿತ್ತು. ಅನ್ನದ ಬುಟ್ಟಿಗಳ ಮುಚ್ಚಳ ತೆಗೆದಿತ್ತು. ನಡುವೆ ದೊಡ್ಡ ತಟ್ಟೆಯಲ್ಲಿ ಕಳಲೆ ಹೋಳು, ಪಕ್ಕದಲ್ಲಿ ಚಟ್ನಿ. ಕೈ ತೊಳೆದವರು ಆಗಲೇ ಕೂತಿದ್ದರು.

"ಓಹೋ, ತನ್ನ ಕಳಲೆ ಉಣ್ಣೋಕೆ ತಾನೇ ಬಂದ್ಲು!" ಎಂದಳು ಕೇವ್ಮಾ. "ಹೊಗಳೋದನ್ನ ಕಿವಿಯಾರೆ ಕೇಳ್ಬೇಕಲ್ಲ."

ನಾಚಿಕೆಯಿಂದ ಸೆಂಗ್ದಾಳ ಮೈ ಹಿಡಿಯಾಯಿತು. ಬೇರೆ ಯಾರ ಎದುರಿಗಾದರೂ ಆದೀತು, ಈ ಹೆಂಗಸಿನ ಎದುರಿಗಲ್ಲ ಎನಿಸಿತು. ಅಷ್ಟರಲ್ಲಿ ಯಾರೋ ತಟ್ಟೆಗೆ ಕೈ ಚಾಚಿದರು.

"ತಿನ್ನಬೇಡಿ!" ಎಂದು ಕೂಗಿದಳು. "ನನ್ನ ಡಬ್ಬ ಕೆಟ್ಟಿದೆ. ನಮ್ಮ ಇಂತಾ ಅದನ್ನ ತಿಂದು ಆಸ್ಪತ್ರೇಲಿ ಬಿದ್ದಿದಾನೆ. ಉಸಿರಾಡೋಕೂ ಆಗ್ತಿಲ್ಲ. ಕುದಿಸಿ ಅಂತ ಈ ಹುಡುಗಿ ಹೇಳಿದ್ಲು. ನಾನು ಕೇಳಲಿಲ್ಲ. ನಿಮಗೂ ಹೇಳಲಿಲ್ಲ. ತಪ್ಪು ನಂದು. ಕೈ ತೆಗೀರಿ, ತೆಗೀರಪ್ಪಾ!"

ಈ ಮಾತು ಕೇಳಬೇಕೆಂದು ಕೇವ್ಮಾ ಮೂವತ್ತು ವರ್ಷ ಕಾದಿದ್ದಳು. ಈಗ ಕೇಳಿದಳು. ಕೇಳಿ, ಬಗ್ಗಿ, ತಟ್ಟೆಯನ್ನು ಎತ್ತಿ ಮುಚ್ಚಿದಳು.

"ಯಾರ್ಯಾರು ಬಾಯಿಗೆ ಹಾಕಿದ್ರಿ? ಕೈ ಎತ್ತಿ. ನಾಚ್ಕೋಬೇಡಿ," ಎಂದಳು. ಮೂರು ಕೈ ಮೇಲೆದ್ದವು. ಕೇವ್ಮಾ ಅವನ್ನು ಎಣಿಸಿ ತನ್ನ ಕೈಯನ್ನೂ ಎತ್ತಿದಳು. "ಹೆಚ್ಚೋವಾಗ ಎರಡು ಹೋಳು ತಿಂದೆ. ಚೆನ್ನಾಗಿತ್ತು ಕಣೇ, ಹಾಳಾದ್ದು."

ನಾಲ್ವರನ್ನೂ ಅದೇ ಪಿಕಪ್‌ನಲ್ಲಿ ಆಸ್ಪತ್ರೆಗೆ ಒಯ್ದರು. ಮೂವರಿಗೆ ಏನೂ ಆಗಲಿಲ್ಲ. ಕೇವ್ಮಾಳ ರೆಪ್ಪೆ ಮರುದಿನ ಜೋತುಬಿತ್ತು. ಡಾಕ್ಟರ ಕಣ್ಣೆದುರಿಗೇ ಇದ್ದದ್ದರಿಂದ, ಔಷಧಿಯೂ ಬಂದಿದ್ದರಿಂದ, ಹತ್ತು ದಿನಕ್ಕೆ ಮನೆಗೆ ಬಂದಳು. ಇಂತಾನಿಗೆ ಇಪ್ಪತ್ತೆರಡು ದಿನ ಯಂತ್ರವೇ ಉಸಿರಾಡಿತು. ಬದುಕಿದ. ಮನೆಗೆ ಬಂದಾಗ ಕಾಲು ಕಡ್ಡಿಯಾಗಿತ್ತು. ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕಿತ್ತು. ಹನ್ನೆರಡೂ ಡಬ್ಬಗಳನ್ನು ಆರೋಗ್ಯ ಇಲಾಖೆಯವರು ಒಯ್ದರು. ವಿಷ ಸಿಕ್ಕಿದ್ದು ಎರಡರಲ್ಲಿ. ಆ ಎರಡಕ್ಕೂ ಉಳಿದ ಹತ್ತಕ್ಕೂ ನೋಟದಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಸೆಂಗ್ದಾಳ ಅಂಗಳಕ್ಕೆ ಯಾರೂ ಬುಟ್ಟಿ ತರಲಿಲ್ಲ. ಅವಳು ಅದನ್ನು ನಿರೀಕ್ಷಿಸಿದ್ದಳು. ಆದರೂ ನೋವಾಯಿತು. ಮನೆಯಲ್ಲಿ ಡಬ್ಬ ಮಾಡುವುದನ್ನು ಬಿಟ್ಟು ಪಿಂಪಾಳ ಜತೆ ಇಲಾಖೆಯ ತರಬೇತಿಗೆ ಹೋದಳು. ಹುಳಿಪುಡಿ ಎಷ್ಟು ಹಾಕಬೇಕು, ಹುಳಿ ಸಾಕಾಯಿತೇ ಎಂದು ಅಳತೆಯ ಕಾಗದ ಅದ್ದಿ ನೋಡುವುದು ಹೇಗೆ ಎಂದು ಕಲಿತಳು. ಬಂದು, ಕಲಿತದ್ದನ್ನು ಮೊದಲು ಹೇಳಿಕೊಟ್ಟಿದ್ದು ಕೇವ್ಮಾಳಿಗೆ. ಆ ವರ್ಷ ಕೇವ್ಮಾಳೇ ಒಂದು ಡಬ್ಬ ತಂದುಕೊಟ್ಟಳು. "ಕುದಿಸಿ ತಿನ್ನು, ಅರ್ಧ ಗಂಟೆ," ಎಂದು ಹೇಳಿಯೇ ಕೊಟ್ಟಳು. ಈಗ ಊರಲ್ಲಿ ಹಾಗೆ ಹೇಳದೆ ಕೊಡುವುದೇ ಅವಮಾನ.

ಸೆಂಗ್ದಾ ಕುದಿಸಿದಳು. ಗಡಿಯಾರ ನೋಡಿಕೊಂಡೇ ಕುದಿಸಿದಳು. ಇಂತಾ ಒಂದು ಹೋಳು ಬಾಯಿಗಿಟ್ಟು ಮುಖ ಕಿವುಚಿದ.

"ಮೆತ್ತಗಾಗಿದೆ. ಸಿಹಿಯೆಲ್ಲ ನೀರಿಗೆ ಹೋಯ್ತು. ಇದೇನು ಕಳಲೆನಾ, ಹತ್ತಿನಾ?"

"ಗೊಣಗು," ಎಂದಳು ಸೆಂಗ್ದಾ. "ಇನ್ನೂ ಗೊಣಗು. ಇಪ್ಪತ್ತೆರಡು ದಿನ ಆ ಗಾಜಿನ ಹೊರಗೆ ಕೂತು ಇದನ್ನೇ ಕೇಳ್ಬೇಕು ಅಂತ ಬೇಡ್ಕೊಂಡಿದ್ದೆ."

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಕೈಗುಣದ ಮೇಲೆ ನಮಗೆ ಅನುಮಾನವಿಲ್ಲ. ಮನೆಯಲ್ಲಿ ಮುಚ್ಚಿಟ್ಟ ಡಬ್ಬ, ಬಾಟಲಿ ಯಾರದೇ ಇರಲಿ, ತೆರೆದ ಮೇಲೆ ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸದೆ ಬಾಯಿಗೆ ಇಡಬೇಡಿ. ರುಚಿ ನೋಡಲು ಒಂದು ಚೂರೂ ಬೇಡ. ಊದಿದ ಡಬ್ಬವನ್ನು ತೆರೆಯಲೇಬೇಡಿ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಹುಳಿ ಹಾಕುವ ಸರಿಯಾದ ಅಳತೆ ಕಲಿಯದೆ ಹೊಸದಾಗಿ ಮುಚ್ಚಿಡಬೇಡಿ. ತಿಂದವರ ಕಣ್ಣಿಗೆ ಎಲ್ಲ ಎರಡೆರಡು ಕಂಡರೆ, ರೆಪ್ಪೆ ಜೋತರೆ, ನಾಲಿಗೆ ತೊದಲಿದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಏನು ತಿಂದಿರಿ ಎಂದು ಕೇಳುತ್ತಾರೆ. ಮಾಡಿದವರು ನೀವೇ ಆಗಿದ್ದರೂ, ಮೊದಲು ಕೇಳಿದಾಗಲೇ ಹೇಳಿಬಿಡಿ.