ತಂಗಿ ಸಾಕಿದ ಕಪ್ಪೆಗಳು

ತಂಗಿ ಹೋದಳೆಂಬ ಸುದ್ದಿ ಬಂದಾಗ ನಾನು ಅವಳ ಕಪ್ಪೆಗಳ ಗಾಜಿನ ತೊಟ್ಟಿಗೆ ಕೊನೆಯ ಬಕೆಟ್ ನೀರು ಸುರಿಯುತ್ತಿದ್ದೆ. ಫೋನಿನಲ್ಲಿ ಆಸ್ಪತ್ರೆಯ ಡಾಕ್ಟರು. ಪಿತ್ತಕೋಶದ ಕಲ್ಲು ತೆಗೆಯುವ ಸಣ್ಣ ಆಪರೇಷನ್ ಚೆನ್ನಾಗಿಯೇ ಆಗಿತ್ತು, ಬೆಳಗ್ಗೆ ಎದ್ದು ಕೂತು ಚಹಾ ಕೇಳಿದ್ದರು, ಆಮೇಲೆ ಇದ್ದಕ್ಕಿದ್ದಂತೆ ಹೃದಯ ನಿಂತುಹೋಯಿತು ಎಂದರು. "ಆಯ್ತು ಡಾಕ್ಟ್ರೇ, ಬರ್ತೀನಿ" ಎಂದೆ. ಫೋನ್ ಕೆಳಗಿಟ್ಟೆ. ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೂ ಸುರಿದೆ. ತೊಟ್ಟಿಗೆ ಮುಚ್ಚಳ ಹಾಕಿದೆ. ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದೆ.

ಅವಳ ಕಪ್ಪೆಗಳು ನೆಲಕ್ಕೆ ಬರುವ ಜಾತಿಯವಲ್ಲ. ಬದುಕಿರುವಷ್ಟು ಕಾಲ ನೀರಿನಲ್ಲೇ ಇರುತ್ತವೆ. ಉಸಿರಿಗೆ ಮಾತ್ರ ಆಗಾಗ ಮೇಲೆ ಬಂದು ಮೂಗು ತೋರಿಸಿ ಹೋಗುತ್ತವೆ. ಅವಕ್ಕೆ ನಾಲಿಗೆ ಇಲ್ಲ. ಎರೆಹುಳದ ತುಂಡು ಕೊಟ್ಟರೆ ಎರಡೂ ಕೈಯಿಂದ ಬಾಯಿಗೆ ತುರುಕಿಕೊಳ್ಳುತ್ತವೆ. ತಂಗಿ ಕೆಲಸಕ್ಕಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಇವೆರಡು ಯಾರಿಗೂ ಬೇಡವಾಗಿ ಉಳಿದಾಗ ಅವಳು ಮನೆಗೆ ತಂದಳು. ಅದಕ್ಕೆ ಹನ್ನೊಂದು ವರ್ಷವಾಯಿತು. ದಪ್ಪನೆಯ ಹೆಣ್ಣಿಗೆ ದೊಡ್ಡಮ್ಮ ಎಂದು ಹೆಸರಿಟ್ಟಳು. ಗಂಡು ತಿನ್ನುವಾಗ ಕಡತಗಳನ್ನು ಬೀರುವಿಗೆ ತುರುಕುವವನಂತೆ ಕಾಣುತ್ತಿದ್ದುದರಿಂದ ಅದು ಗುಮಾಸ್ತ.

ಗಂಡ ತೀರಿಕೊಂಡ ಮೇಲೆ ಅವಳು ಪುಟ್ಟ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದಳು. ನಾನು ಮದುವೆಯಾದವನಲ್ಲ. ಊರಿನ ನೀರು ಶುದ್ಧ ಮಾಡುವ ಘಟಕದಲ್ಲಿ ಮೂವತ್ತೊಂದು ವರ್ಷ ಕ್ಲೋರಿನ್ ಬೆರೆಸಿದವನು. ನಿವೃತ್ತನಾದ ಮೇಲೂ ಸೋಮವಾರ ಬಂತೆಂದರೆ ಮನೆಯ ನಲ್ಲಿಯ ನೀರಿಗೆ ಪರೀಕ್ಷೆಯ ದ್ರಾವಣ ಎರಡು ಹನಿ ಬಿಟ್ಟು ನೋಡುವ ಚಟ ನನ್ನದು. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಹಳದಿ ಕಂಡರೆ ನನಗೆ ಸಮಾಧಾನ.

ತಂಗಿ ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರನ್ನಷ್ಟೇ ಬದಲಿಸುತ್ತಿದ್ದಳು. ಹಾಕುವ ನೀರನ್ನು ಹಿಂದಿನ ದಿನವೇ ಹಿಡಿದು ಬಚ್ಚಲುಮನೆಯಲ್ಲಿ ತೆರೆದಿಡುತ್ತಿದ್ದಳು.

"ನಾನು ಕಷ್ಟಪಟ್ಟು ಬೆರೆಸಿ ಕಳಿಸಿದ್ದನ್ನ ನೀನು ಗಾಳಿಗೆ ಬಿಡ್ತೀಯಲ್ಲ" ಎಂದು ರೇಗಿಸುತ್ತಿದ್ದೆ.

"ಊರೆಲ್ಲ ಕುಡೀಲಿ ಅಣ್ಣ, ಬೇಡ ಅನ್ನಲ್ಲ. ನನ್ನ ಗುಮಾಸ್ತ ಚರ್ಮದಿಂದ ಕುಡೀತಾನೆ. ನಿನ್ನ ಔಷಧಿ ಅವನಿಗೆ ಉರಿಯುತ್ತೆ."

"ಅಬ್ಬ, ದೊಡ್ಡ ಮನೆತನದವನು."

"ಹ್ಞೂಂ. ನಿನಗಿಂತ ಚೆನ್ನಾಗಿ ಮಾತು ಕೇಳ್ತಾನೆ."

ಹನ್ನೊಂದು ವರ್ಷ ಇದೇ ಮಾತು. ತಮಾಷೆಯಾಗಿ ಕೇಳಿ ಕೇಳಿ ಅದರಲ್ಲಿದ್ದ ನಿಜ ನನ್ನ ತಲೆಯಿಂದ ಜಾರಿಹೋಗಿತ್ತು.

ಆಸ್ಪತ್ರೆಗೆ ಹೊರಡುವಾಗ ಹೇಳಿಯೇ ಹೋಗಿದ್ದಳು: "ಎರಡು ಬಕೆಟ್ ಹಿಡಿದಿಟ್ಟಿದ್ದೀನಿ, ಬಂದ ಮೇಲೆ ನಾನೇ ಹಾಕ್ತೀನಿ. ನೀನು ಏನೂ ಮುಟ್ಟಬೇಡ. ದಿನ ಬಿಟ್ಟು ದಿನ ಎರಡೆರಡು ತುಂಡು ಹುಳ ಹಾಕು, ಸಾಕು."

ಮೂರನೆಯ ದಿನ ತೊಟ್ಟಿಯ ನೀರು ಮಂಕಾಗಿ ಕಂಡಿತು. ಅವಳು ಬಂದಾಗ ಫಳಫಳ ಹೊಳೆಯುತ್ತಿರಲಿ ಎನ್ನಿಸಿತು. ನೀರೆಲ್ಲ ಖಾಲಿ ಮಾಡಿ, ಗಾಜು ಉಜ್ಜಿ, ನೀರು ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದೆ. ಅವಳು ಹಿಡಿದಿಟ್ಟಿದ್ದ ನೀರು ಮೂರು ದಿನದ್ದು, ಹಳತು ಎಂದು ಚೆಲ್ಲಿದೆ. ಆ ವಾರ ನಮ್ಮ ಬೀದಿಯ ಪೈಪು ಒಡೆದು ರಿಪೇರಿಯಾಗಿದ್ದುದರಿಂದ ಘಟಕದವರು ಕ್ಲೋರಿನ್ ಹೆಚ್ಚಿಸಿದ್ದರು. ನಲ್ಲಿ ತಿರುಗಿಸಿದಾಗ ವಾಸನೆ ಮೂಗಿಗೆ ಹೊಡೆಯಿತು. ಈಗಿನವರೂ ಕೆಲಸ ಕಲಿತಿದ್ದಾರೆ ಎಂದು ಸಂತೋಷಪಟ್ಟು ಅದೇ ನೀರನ್ನು ತೊಟ್ಟಿಗೆ ತುಂಬಿದೆ.

ಮರುದಿನ ತಂಗಿಯನ್ನು ಮಣ್ಣಿಗೆ ಒಪ್ಪಿಸಿ ಬಂದೆವು. ಕಲ್ಲಿನ ಹಾಗೆ ನಿಂತಿದ್ದೆನೆಂದು ಯಾರೋ ಅಂದರು. ಕಲ್ಲಿಗೆ ಭಾರವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಲೋಟ ತೊಳೆದೆ. ನಲವತ್ತು ವರ್ಷದಿಂದ ದಿನವೂ ಮಾಡುವ ಬೆಳಗಿನ ಪ್ರಾರ್ಥನೆಗೂ ಕೂತೆ. ತುಟಿ ಅಲುಗಿತು, ಅಷ್ಟೇ.

ಅದರ ಮಾರನೆಯ ಬೆಳಗ್ಗೆ ತಂಗಿಯ ಮಗಳು ಹಜಾರದಿಂದ ಕರೆದಳು. ಅವಳು ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುತ್ತಾಳೆ. ಸುದ್ದಿ ತಿಳಿದು ಬಂದವಳು.

"ಮಾವ, ಇಲ್ಲಿ ಬನ್ನಿ."

ದೊಡ್ಡಮ್ಮ ಕೈಕಾಲು ಚೆಲ್ಲಿ ತೇಲುತ್ತಿತ್ತು. ಮೈಮೇಲೆ ಮೊಟ್ಟೆಯ ಬಿಳಿಯಂಥ ಲೋಳೆ, ತೊಡೆಯ ಒಳಭಾಗ ಕೆಂಪು. ಗುಮಾಸ್ತ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು.

"ನೀರು ಬದಲಿಸಿದ್ರಾ?"

"ಅವತ್ತು ಬದಲಿಸಿದೆ."

"ಎಷ್ಟು?"

"ಪೂರ್ತಿ."

"ಬಕೆಟ್ಟಿಂದು ತಾನೆ?"

"ನಲ್ಲಿದು."

"ಅಮ್ಮ ಹಿಡಿದಿಟ್ಟಿದ್ದು?"

"ಚೆಲ್ಲಿದೆ."

ಅವಳು ದನಿ ಏರಿಸಲಿಲ್ಲ. "ಮೂವತ್ತೊಂದು ವರ್ಷ ಕ್ಲೋರಿನ್ ಜೊತೆ ಸಂಸಾರ ಮಾಡಿದ್ದೀರಿ. ನಿಮಗೆ ಗೊತ್ತಿರಲಿಲ್ವಾ ಮಾವ?"

"ಗೊತ್ತಿತ್ತು" ಎಂದೆ.

ಹೊಸದಾಗಿ ನೀರು ಹಿಡಿದು ಒಂದು ದಿನ ಕಾಯುವಷ್ಟು ವ್ಯವಧಾನವಿಲ್ಲವೆಂದು ಅವಳು ಅಂದಾಗ ನನಗೆ ಘಟಕದ ಕೆಲಸ ನೆನಪಾಯಿತು. ಎತ್ತರದಿಂದ ಸುರಿದಷ್ಟೂ ನೀರಿನ ಕ್ಲೋರಿನ್ ಗಾಳಿಗೆ ಹೋಗುತ್ತದೆ. ಹಿತ್ತಿಲಿಗೆ ಹೋಗಿ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಸುರಿಯತೊಡಗಿದೆ. ಸ್ವಲ್ಪ ಹೊತ್ತಿಗೊಮ್ಮೆ ಲೋಟದಲ್ಲಿ ತೆಗೆದು ದ್ರಾವಣ ಬಿಟ್ಟು ನೋಡುತ್ತಿದ್ದೆ. ಮೊದಲು ಕಡು ಹಳದಿ. ಗಂಟೆ ಕಳೆದರೂ ಹಳದಿ.

"ಕೂತ್ಕೊಳ್ಳಿ, ನಾನು ಹುಯ್ತೀನಿ. ನಿಮ್ಮ ತೋಳು ಸೋತಿದೆ."

"ಇನ್ನೂ ಮೇಲಿಂದ ಹುಯ್ಯಿ. ಗಾಳಿ ಆಡಬೇಕು."

"ಇನ್ನೂ ಮೇಲೆ ಅಂದ್ರೆ ಏಣಿ ತರಬೇಕು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಮ್ಮ ನೋಡಿದ್ರೆ ನಗ್ತಿದ್ದಳು. ಅಣ್ಣನ ಕೈಲೇ ಕ್ಲೋರಿನ್ ತೆಗೆಸಿದೆನಲ್ಲ ಅಂತ."

"ನಗ್ತಿದ್ದಳು" ಎಂದೆ. ಮತ್ತೆ ಬಕೆಟ್ ಎತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಲೋಟದ ನೀರು ಬಣ್ಣ ತಿರುಗಲಿಲ್ಲ. ಅಗಲವಾದ ಟಬ್ಬಿಗೆ ಗೇಣುದ್ದಕ್ಕಿಂತ ಕಡಿಮೆ ನೀರು ಹಾಕಿದೆವು. ನಿತ್ರಾಣವಾದ ಕಪ್ಪೆಗೆ ಉಸಿರಿಗಾಗಿ ಮೇಲೆ ಬರುವ ದಾರಿ ಹತ್ತಿರವಿರಬೇಕು ಎಂದು ಅವಳು ತಿಳಿಸಿಕೊಟ್ಟಳು. ಸೋಪು ತಾಕದ ಒದ್ದೆ ಕೈಯಿಂದ ಎರಡನ್ನೂ ಎತ್ತಿ ಬಿಟ್ಟೆ. ದೊಡ್ಡಮ್ಮ ಸಂಜೆಯವರೆಗೆ ಎರಡು ಸಲ ಮೇಲೆ ಬಂದಿತು. ಮೂರನೆಯ ಸಲ ಬರಲಿಲ್ಲ. ಹಿತ್ತಿಲ ಗೋಡೆಯ ಬುಡದಲ್ಲಿ ಹೂಳಿದೆವು. ಅವಳು ಅತ್ತಳು. ನಾನು ಗುದ್ದಲಿ ಹಿಡಿದು ನಿಂತಿದ್ದೆ.

ಗುಮಾಸ್ತ ಉಳಿಯಿತು, ಆದರೆ ತಿನ್ನಲಿಲ್ಲ. ದಿನಕ್ಕೆರಡು ಸಲ ನೀರು ಸುರಿದು, ಪರೀಕ್ಷಿಸಿ, ಟಬ್ಬಿನ ಕಾಲು ಭಾಗ ಬದಲಿಸಿದೆ. ಹಾಕಿದ ಹುಳ ಹಾಗೆಯೇ ಬಿದ್ದಿರುತ್ತಿತ್ತು. ಕೊಳೆಯುವ ಮೊದಲೇ ತೆಗೆಯುತ್ತಿದ್ದೆ. ನಾಲ್ಕು ದಿನವಾಯಿತು. ಚರ್ಮದಡಿ ತೊಡೆಯ ಮೂಳೆ ಎದ್ದು ಕಾಣತೊಡಗಿತು.

"ಭಾನುವಾರ ಮಧ್ಯಾಹ್ನ ನನಗೆ ಬಸ್ಸು" ಎಂದಳು ತಂಗಿಯ ಮಗಳು. "ಅಷ್ಟರಲ್ಲಿ ತಿಂದ್ರೆ ಇಲ್ಲೇ ಬಿಟ್ಟುಹೋಗ್ತೀನಿ. ಇಲ್ಲಾಂದ್ರೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಪ್ರಾಣಿಗಳ ಡಾಕ್ಟರಿದ್ದಾರೆ."

"ಆರು ಗಂಟೆ ಕಾಲ ಬಸ್ಸಿನಲ್ಲಿ ಬದುಕುತ್ತಾ?"

"ಅನುಮಾನ."

"ಹಾಗಾದ್ರೆ?"

"ಇಲ್ಲಿದ್ರೆ ಹಸಿವಿನಿಂದ ಸಾಯೋದ್ರಲ್ಲಿ ಅನುಮಾನವೇ ಇಲ್ಲ ಮಾವ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ. ತಂಗಿ ನನ್ನ ಕೈಗೊಪ್ಪಿಸಿ ಹೋದದ್ದರಲ್ಲಿ ಒಂದು ಮಣ್ಣಾಗಿತ್ತು, ಉಳಿದದ್ದು ಟಬ್ಬಿನಲ್ಲಿತ್ತು.

ಭಾನುವಾರ ಬೆಳಗ್ಗೆ ಮಣೆ ಹಾಕಿ ಟಬ್ಬಿನ ಬಳಿ ಕೂತೆ. ಹುಳವನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಬೆರಳ ತುದಿಯಲ್ಲಿ ಹಿಡಿದು ನೀರೊಳಗೆ ಕೈಯಿಟ್ಟೆ. ಗುಮಾಸ್ತ ಕದಲಲಿಲ್ಲ. ಕೈ ಮರಗಟ್ಟಿತು. ತೆಗೆದರೆ ಹೆದರೀತು ಎಂದು ತೆಗೆಯಲಿಲ್ಲ. ಒಳಗೆ ತಂಗಿಯ ಮಗಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ಬಂದು, ನೀರು ಹಾಕಿದ ಒಂದು ಡಬ್ಬಿಯನ್ನು ಪಕ್ಕದಲ್ಲಿಟ್ಟು, ನನ್ನ ಹಿಂದೆ ನಿಂತಳು. ಪ್ರಯಾಣದ ಡಬ್ಬಿ. ಮುಚ್ಚಳಕ್ಕೆ ತೂತು ಕೊರೆದಿದ್ದಳು.

ಎಷ್ಟೋ ಹೊತ್ತಿನ ಮೇಲೆ ಬೆರಳಿಗೆ ಏನೋ ತಾಕಿತು. ಗುಮಾಸ್ತನ ಕೈ. ತುಂಡನ್ನು ಸೆಳೆದುಕೊಂಡು, ಒಮ್ಮೆ ಉಗುಳಿ, ಮತ್ತೆ ಹಿಡಿದು ನುಂಗಿತು.

ಇನ್ನೊಂದು ತುಂಡು ಕೊಟ್ಟೆ. ಅದನ್ನೂ ತಿಂದಿತು.

"ಇವತ್ತಿಗೆ ಸಾಕು" ಎಂದಳು ಮೆಲ್ಲಗೆ. "ನಾಳೆ ಬಿಟ್ಟು ನಾಡಿದ್ದು ಕೊಡಿ. ತಿಂದನಾ ಅಂತ ಫೋನ್ ಮಾಡಿ." ಡಬ್ಬಿಯ ನೀರನ್ನು ಹಿತ್ತಿಲಿಗೆ ಚೆಲ್ಲಿ ಬಂದಳು. ನನ್ನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಚೀಲ ಎತ್ತಿಕೊಂಡು ಹೊರಟಳು.

ಬಾಗಿಲು ಮುಂದೆ ಮಾಡಿ ಬಂದು ಅದೇ ಮಣೆಯ ಮೇಲೆ ಕೂತೆ. ಅಳು ಬರಲಿಲ್ಲ. ಆದರೆ ಕಣ್ಣು ಮುಚ್ಚಿದಾಗ, ಅಷ್ಟು ದಿನದಲ್ಲಿ ಮೊದಲ ಸಲ, ಮಾತು ಬಂತು.

ದೇವರೇ, ನನ್ನ ತಂಗಿ ನಿನ್ನ ಹತ್ತಿರ ಬಂದಿದ್ದಾಳೆ. ಅವಳು ನಂಬಿ ಕೊಟ್ಟದ್ದರಲ್ಲಿ ಒಂದನ್ನು ನಾನು ಕಳೆದೆ, ಒಂದನ್ನು ನೀನು ಉಳಿಸಿದೆ. ಎರಡನ್ನೂ ಅವಳಿಗೆ ನೀನೇ ತಿಳಿಸು. ನನ್ನ ತಪ್ಪಿಗಾಗಿ ಅವಳ ಮನಸ್ಸು ಅಲ್ಲಿ ನೋಯದಿರಲಿ. ಇಲ್ಲಿಯ ಚಿಂತೆ ಯಾವುದೂ ಅವಳನ್ನು ಹಿಂಬಾಲಿಸದಿರಲಿ. ದುಡಿದು ದಣಿದ ಜೀವ ಅದು. ಅದಕ್ಕೆ ವಿಶ್ರಾಂತಿ ಕೊಡು, ಶಾಂತಿ ಕೊಡು.