ಹನ್ನೊಂದು ವರ್ಷ ತಡವಾದ ಪೆನಾಲ್ಟಿ

ಮಂಡೆಕೋಲಿನ ಅಮ್ಮು ಒದ್ದ ಚೆಂಡು ಗಡಿ ದಾಟಿ ಕೇರಳಕ್ಕೆ ಹೋಗಿ, ಅಲ್ಲಿ ನಾಲ್ಕು ಮಾತು ಮಲಯಾಳ ಕಲಿತು ಹಿಂದೆ ಬರುತ್ತಿತ್ತು. ನಂಬದವರು ನಂಬುವುದು ಬೇಡ. ಆದರೆ ಅವಳ ಸಿಟ್ಟನ್ನು ನಂಬಲೇಬೇಕು. ಅದರ ಪಕ್ಕದಲ್ಲಿ ಗಾಂಧಾರಿ ಮೆಣಸು ಇಟ್ಟರೆ ಮೆಣಸಿಗೇ ಬಾಯಿ ಉರಿಯಬೇಕು, ಅಂಥ ಸಿಟ್ಟು. ಹನ್ನೊಂದು ವರ್ಷ ಅದು ಒಂದೇ ಒಂದು ಪೆನಾಲ್ಟಿಯ ಮೇಲೆ ಕಾವು ಕೂತಿತ್ತು.

ಅದು ಎಪ್ಪತ್ತಾರನೆಯ ಇಸವಿ. ಕೊಯ್ಲು ಮುಗಿದ ಗದ್ದೆಯೇ ಮೈದಾನ, ಅಡಿಕೆ ಮರದ ತುಂಡುಗಳೇ ಗೋಲುಕಂಬ. ಗಂಡಸರ ಫೈನಲಿಗೆ ಮೊದಲು ಹೆಂಗಸರದ್ದೊಂದು ಆಟ ಇಟ್ಟರೆ ಜನ ಸೇರುತ್ತದೆ ಎಂದು ಕಮಿಟಿಯ ಅಧ್ಯಕ್ಷ ಮಹಾಬಲ ರೈಗಳಿಗೆ ಹೊಳೆಯಿತು. ಸೇರಿತು. ಎಷ್ಟು ಸೇರಿತೆಂದರೆ ಗದ್ದೆಯ ಬದುಗಳು ಭಾರಕ್ಕೆ ಗೇಣುದ್ದ ಕುಸಿದವು. ಮಂಡೆಕೋಲಿಗೆದುರು ಮರ್ಕಂಜ. ಮಂಗಳೂರಿನಿಂದ ಒಬ್ಬ ಕೋಚ್ ಬಂದಿದ್ದರು. ರಾಜ್ಯ ಶಿಬಿರಕ್ಕೆ ಮುಂದಿನ ಸಾಲಿನ ಒಬ್ಬ ಆಟಗಾರ್ತಿ ಬೇಕಾಗಿತ್ತು ಅವರಿಗೆ. ಐದು ಗಂಟೆಯ ಬಸ್ಸಿಗೆ ಹೋಗುವವರು.

ಮರ್ಕಂಜ ಒಂದು ಗೋಲು ಮುಂದೆ. ಇನ್ನು ಒಂಬತ್ತು ನಿಮಿಷ ಉಂಟೆನ್ನುವಾಗ ಹತ್ತೊಂಬತ್ತರ ಅಮ್ಮು, ಅಣ್ಣನ ಚಡ್ಡಿಗೆ ಹಗ್ಗ ಬಿಗಿದುಕೊಂಡು, ಹದಿನೇಳು ಮಂದಿಯನ್ನು ದಾಟಿ ನುಗ್ಗಿದಳು. ಎದುರಿಗಿದ್ದದ್ದು ಹನ್ನೊಂದೇ ಮಂದಿ, ಕೆಲವರನ್ನು ಎರಡೆರಡು ಸಲ ದಾಟಿದ್ದಳು. ಗೋಲಿನೆದುರು ಯಾರೋ ಕಾಲು ಕೊಟ್ಟು ಬೀಳಿಸಿದರು. ರೆಫರಿ ಹೈದರ್ ಸೀಟಿ ಊದಿ, ಹೆಜ್ಜೆ ಅಳೆದು ಚೆಂಡಿಟ್ಟ. ಊರಿಗೆಲ್ಲ ಇದ್ದದ್ದು ಅದೊಂದೇ ಚೆಂಡು. ಗೋಲಿನಲ್ಲಿ ಮರ್ಕಂಜದ ದೇವಕಿ. ಹಾರುವ ಬಾವಲಿಯನ್ನೂ ಬರಿಗೈಯಲ್ಲಿ ಹಿಡಿಯುವವಳು.

ಅಮ್ಮು ಐದು ಹೆಜ್ಜೆ ಹಿಂದೆ ಬಂದಳು. ಅಷ್ಟರಲ್ಲಿ ರಸ್ತೆಯಲ್ಲಿ ಕಾರಿನ ಹಾರ್ನ್.

ಪುತ್ತೂರಿನಿಂದ ಮುಖ್ಯ ಅತಿಥಿ ಬಂದಿದ್ದರು. ರೈಗಳು ಪಂಚೆ ಎತ್ತಿಕೊಂಡು ಓಡಿಬಂದರು.

"ನಿಲ್ಲಿಸಿ, ನಿಲ್ಲಿಸಿ! ಫೈನಲಿನ ಉದ್ಘಾಟನೆ ಆಗ್ಬೇಕು."

"ರೈಗಳೇ, ಒಂದು ಒದೆ. ಒಂದೇ."

"ಅವರು ಬಿಸಿಲಲ್ಲಿ ನಿಂತಿದ್ದಾರೆ, ನಿನ್ನದೆಂತ ಒದೆ? ಬದಿಗೆ ಹೋಗು ಹುಡುಗಿ."

ಅವಳ ಕಾಲಬುಡದಿಂದ ಚೆಂಡನ್ನು ಎತ್ತಿ, ಪಂಚೆಯಲ್ಲಿ ಒರೆಸಿ, ಗದ್ದೆಯ ನಡುವೆ ಇಟ್ಟರು. ಅತಿಥಿಗಳು ಹೊಳೆಯುವ ಬೂಟಿನಲ್ಲಿ ಮೆಲ್ಲ ಒದ್ದರು. ಚೆಂಡು ಮೂರು ಮೊಳ ಉರುಳಿತು. ಚಪ್ಪಾಳೆಗೆ ಮಂಡೆಕೋಲಿನ ಕಾಗೆಗಳೆಲ್ಲ ಕೊಡಗಿಗೆ ಹಾರಿದವು. ಹೆಂಗಸರ ಆಟ ಮುಗಿಯಿತು, ಮರ್ಕಂಜಕ್ಕೆ ಜಯ ಎಂದು ಮೈಕಿನಲ್ಲಿ ಹೇಳಿದರು. ಕೋಚ್ ಗಡಿಯಾರ ನೋಡಿ, ಮರ್ಕಂಜದ ಗೋಲು ಹೊಡೆದವಳ ಹೆಸರು ಬರೆದುಕೊಂಡು ಬಸ್ಸು ಹತ್ತಿದರು.

ಅಮ್ಮು ಅಳಲಿಲ್ಲ. ಐದು ಹೆಜ್ಜೆ ಹಿಂದೆ, ನಿಂತಲ್ಲೇ ನಿಂತಿದ್ದಳು. ಗಂಡಸರ ಆಟ ಅವಳ ಸುತ್ತ ನಡೆಯಿತು.

ರಾಜ್ಯ ತಂಡ ಅವಳಿಗೆ ಸಿಕ್ಕಿದ್ದು ಮೂರು ವರ್ಷ ತಡವಾಗಿ, ಗಡಿಯಾಚೆ ಮಲಯಾಳಿಗಳ ಗದ್ದೆಗಳಲ್ಲಿ ಮೊಣಕಾಲಿನ ಚರ್ಮ ಬಿಟ್ಟು ಬಂದ ಮೇಲೆ. ಮತ್ತೆ ಬೆಂಗಳೂರಿನ ಒಂದು ಕಾರ್ಖಾನೆ ಆಡುವುದಕ್ಕೆಂದೇ ಕೆಲಸ ಕೊಟ್ಟಿತು. ಲೆಕ್ಕದ ಪುಸ್ತಕದ ಪ್ರಕಾರ ತೊಂಬತ್ತನಾಲ್ಕು ಗೋಲು. ಪುಸ್ತಕ ಬರೆದವನಿಗೆ ಎಣಿಸಲಿಕ್ಕೆ ಬರುತ್ತಿರಲಿಲ್ಲ, ನಾನೂರು ಇದ್ದೀತು. ಪೆನಾಲ್ಟಿ ಒಂದೂ ತಪ್ಪಿರಲಿಲ್ಲ. ಆದರೆ ಪ್ರತಿ ಸಲ ಐದು ಹೆಜ್ಜೆ ಹಿಂದೆ ಬಂದಾಗ ಕಿವಿಯಲ್ಲಿ ಆ ಹಾರ್ನ್. ಜೊತೆಗೆ ಹೈದರನ ಕಾಗದಗಳು ಬೇರೆ: "ದೇವಕಿ ಎಲ್ಲ ಮದುವೆಯಲ್ಲಿಯೂ ಹೇಳ್ತಾ ಇದ್ದಾಳೆ, ಆ ಚೆಂಡನ್ನು ತಾನು ಹಿಡೀತಿದ್ದೆ ಅಂತ." ಅಮ್ಮು ಕಾಗದ ಹರಿದಾಗ ಹಾಸ್ಟೆಲಿನ ಕಿಟಕಿಯ ಗಾಜು ನಡುಗುತ್ತಿತ್ತು.

ಎಂಬತ್ತೇಳರಲ್ಲಿ ರೈಗಳ ಆಮಂತ್ರಣ ಬಂತು. ಬಂಗಾರದ ಅಕ್ಷರ. ಗಂಡಸರ ಫೈನಲಿಗೆ ಮುಖ್ಯ ಅತಿಥಿ: ಊರಿನ ಹೆಮ್ಮೆಯ ಅಮ್ಮು ಅವರು.

ಕಮಿಟಿಯವರು ಹಾರ ಹಿಡಿದು ಕಾರಿಗೆ ಕಾಯುತ್ತಿದ್ದರು. ಅಮ್ಮು ಬಸ್ಸಿಳಿದು, ಬೂಟುಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು ಗದ್ದೆಗೆ ಅಡ್ಡಹಾಯ್ದು ಬಂದಳು. ರೈಗಳು ಹಾರ ಹಾಕಿದರು, ಹೊಗಳಿದರು, ಹೊಸ ಚೆಂಡನ್ನು ಮೈದಾನದ ನಡುವೆ ಇಟ್ಟರು.

"ಒದೀರಿ ಮೇಡಂ. ಮೆಲ್ಲ ಒಂದು ಮುಟ್ಟಿದರೂ ಸಾಕು."

ಅಮ್ಮು ಹಾರ ತೆಗೆದು ಅವರ ಕೈಗೇ ಕೊಟ್ಟಳು. ಚೆಂಡೆತ್ತಿಕೊಂಡು ಗೋಲಿನ ಕಡೆ ನಡೆದಳು.

"ಅದು ಅಲ್ಲಿ ಅಲ್ಲ, ಮೇಡಂ!"

"ಇಲ್ಲಿಯೇ. ನೀವು ನನ್ನ ಕಾಲಬುಡದಿಂದ ಎತ್ತಿದ್ದು ಇಲ್ಲಿಂದಲೇ."

"ಎತ್ತಿದ್ದಾ? ಯಾವಾಗ? ನೆನಪೇ ಇಲ್ಲ ಮಾರಾಯ್ತಿ!"

ನೆನಪೇ ಇಲ್ಲ! ಹನ್ನೊಂದು ವರ್ಷ ಅವಳು ಮಲಗುವಾಗ ಜೊತೆಗೆ ಮಲಗಿದ್ದು, ಏಳುವಾಗ ಜೊತೆಗೆ ಎದ್ದದ್ದು, ಈ ಮನುಷ್ಯನಿಗೆ ನೆನಪೇ ಇಲ್ಲ. ಅವಳ ಮುಖದ ಕಾವಿಗೆ ಚಪ್ಪರದ ತೆಂಗಿನ ಗರಿಗಳು ಸುರುಟಿದವು.

"ನಿಮಗೆ ಇಲ್ಲದಿದ್ದರೆ ಬೇಡ. ನೆನಪಿರುವವರು ಯಾರಾದರೂ ಇದ್ದಾರಾ?" ಎಂದು ಕಿರಿಚಿದಳು. "ದೇವಕೀ!"

ಜನರ ನಡುವಿನಿಂದ ದೇವಕಿ ಎದ್ದಳು. ಎರಡು ಮಕ್ಕಳ ತಾಯಿ. ಸಣ್ಣದನ್ನು ಪಕ್ಕದವಳ ಮಡಿಲಿಗೆ ಹಾಕಿ, ಸೀರೆ ಎತ್ತಿ ಕಟ್ಟಿಕೊಂಡು ಬಂದು ಗೋಲಿನಲ್ಲಿ ನಿಂತಳು.

"ಎಂತದೇ, ಇಷ್ಟು ದೂರ ಬಂದದ್ದು ಮರ್ಯಾದೆ ಕಳೆದುಕೊಳ್ಳಲಿಕ್ಕಾ?"

"ಬಾಯಿ ಮುಚ್ಚಿ ನಿಲ್ಲು ನೀನು."

"ನಿಂತೇ ಇದ್ದೇನೆ. ಹನ್ನೊಂದು ವರ್ಷ ಆಯ್ತು. ಬೇಗ ಒದಿ, ಮಗು ಅಳ್ತದೆ."

ನರೆತ ಗಡ್ಡದ ಹೈದರ್ ಯಾರನ್ನೂ ಕೇಳದೆ ಸೀಟಿ ಊದಿದ. ಅಮ್ಮು ಒದ್ದಳು. ಆ ಒದೆಗೆ ಸುಳ್ಯದ ಅಂಗಡಿಗಳಲ್ಲಿ ಭರಣಿಗಳು ಅಲುಗಿದವು ಎನ್ನುತ್ತಾರೆ.

ದೇವಕಿ ಎಡಕ್ಕೆ ಹಾರಿ ತಡೆದಳು.

ಸತ್ಯ ಅದು. ಎರಡೂ ಅಂಗೈಗೆ ಬಡಿದು ಚೆಂಡು ಮುಂದೆ ಚಿಮ್ಮಿತು. ಗದ್ದೆಯಿಡೀ ಅಯ್ಯೋ ಎಂದಿತು. ರೈಗಳು ನಿಟ್ಟುಸಿರು ಬಿಟ್ಟು, "ಆಯ್ತಲ್ಲ, ಇನ್ನು ಎಲ್ಲ ಬದಿಗೆ ಬನ್ನಿ," ಎಂದು ಚೆಂಡೆತ್ತಲು ಓಡಿದರು.

ಅವರು ಬಗ್ಗಿದ್ದರು. ಅಮ್ಮುವಿನ ಕಾಲು ಮೊದಲು ತಲುಪಿತು. ಚೆಂಡು ಅವರ ಬೆರಳುಗಳನ್ನು ಸವರಿ, ಬಿದ್ದಿದ್ದ ದೇವಕಿಯ ಮೇಲಿಂದ ಗೋಲಿನೊಳಗೆ ನುಗ್ಗಿತು.

"ಮುಗಿದಿತ್ತಲ್ಲ!" ರೈಗಳು ಬೆರಳು ಊದಿಕೊಳ್ಳುತ್ತ ಕಿರಿಚಿದರು.

"ಯಾರು ಹೇಳಿದ್ದು? ಹೈದರಣ್ಣ, ಸೀಟಿ ಊದಿದ್ದೀರಾ ನೀವು?"

"ಇಲ್ಲ," ಎಂದ ಹೈದರ್. "ಒಂದಕ್ಕೊಂದು, ಸಮ."

ದೇವಕಿ ಮಣ್ಣು ಕೊಡವಿ ಎದ್ದಳು. "ನಾನು ಹಿಡಿದದ್ದು ಹೌದಾ ಅಲ್ಲವಾ?"

"ಹೌದು," ಎಂದಳು ಅಮ್ಮು, ಹಲ್ಲು ಕಚ್ಚಿ. "ನಾನು ಹೊಡೆದದ್ದೂ ಹೌದು."

ಫೈನಲಿನ ಎರಡು ತಂಡಗಳು ಬಣ್ಣದ ಬನಿಯನ್ನಿನಲ್ಲಿ ಬದಿಯಲ್ಲಿ ಕಾಯುತ್ತಿದ್ದವು. ರೈಗಳು ಕೈಮುಗಿದರು. "ಮೇಡಂ, ಹುಡುಗರು ಬಿಸಿಲಲ್ಲಿ ನಿಂತಿದ್ದಾರೆ."

"ನಿಲ್ಲಲಿ. ಇನ್ನೂ ಒಂಬತ್ತು ನಿಮಿಷ ಉಂಟು ನಮ್ಮದು." ಅಮ್ಮು ಜನರ ಕಡೆ ತಿರುಗಿದಳು. "ಮಂಡೆಕೋಲಿನವರು ಈ ಬದಿ! ಮರ್ಕಂಜದವರು ಆ ಬದಿ! ಮಕ್ಕಳನ್ನು ರೈಗಳ ಹತ್ತಿರ ಕೊಡಿ!"

ಸೆರಗು ಸಿಕ್ಕಿಸಿಕೊಳ್ಳುತ್ತ ಆವತ್ತು ಆಡಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದರು.