ಮೂರನೆಯ ಟ್ಯಾಪೆಟ್

ಮಗಳ ಹೊಸ ಕಾರಿನಲ್ಲಿ ಕೂತರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕೆ ಕೀ ತಿರುಗಿಸುವ ಜಾಗವೇ ಇಲ್ಲ, ಗುಂಡಿ ಒತ್ತಬೇಕು. ಒತ್ತಿದೆ. ಎಂಜಿನ್ ಶುರುವಾಯಿತೋ ಇಲ್ಲವೋ ಯಾರಿಗೆ ಗೊತ್ತು? ಇನ್ನೊಮ್ಮೆ ಒತ್ತಿದೆ. "ಅಪ್ಪಾ, ಆನ್ ಆಗಿತ್ತು. ಈಗ ನೀವು ಆಫ್ ಮಾಡಿದ್ರಿ" ಎಂದಳು ಮಗಳು. ಮೂರು ಸಲ ಹೀಗೇ ಆಯಿತು. ಮೂರನೆಯ ಸಲ ಕೆಳಗಿಳಿದು ಸಿಟ್ಟಿನಿಂದ ಬಾಗಿಲು ಬಡಿದೆ. ಹಾಳಾದ್ದು, ಅದೂ ಮೆತ್ತಗೆ ಮುಚ್ಚಿಕೊಂಡಿತು.

ಬಾನೆಟ್ ಎತ್ತಿ ನೋಡಿದರೆ ಕರೀ ಪ್ಲಾಸ್ಟಿಕ್ಕಿನ ಮುಚ್ಚಳ. ಎಂಜಿನ್ ಅದರ ಕೆಳಗೆ ಎಲ್ಲೋ ಮುಖ ಮುಚ್ಚಿಕೊಂಡು ಕೂತಿದೆ. ಏನಾದರೂ ಕೆಟ್ಟರೆ ಹಳದಿ ದೀಪ ಹತ್ತುತ್ತದಂತೆ. ಏನು ಕೆಟ್ಟಿದೆ ಎಂದು ಕೇಳಿದರೆ ದೀಪಕ್ಕೂ ಗೊತ್ತಿಲ್ಲ, ಓಡಿಸುವವರಿಗೂ ಗೊತ್ತಿಲ್ಲ. ತಣ್ಣನೆಯ ಗಾಳಿ ಬೇಕೆಂದರೂ ಪರದೆಯ ಮೇಲೆ ಬೆರಳಾಡಿಸಬೇಕು. ರಸ್ತೆ ನೋಡುವುದೋ, ಪರದೆ ನೋಡುವುದೋ? ಹೋಗಲಿ ಎಂದರೆ ಈಗಿನ ಜನರೂ ಹಾಗೇ ಆಗಿದ್ದಾರೆ. ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಬ್ಯಾಂಕಿನ ಹುಡುಗಿ, ಔಷಧಿ ಅಂಗಡಿಯವನು, ಟೀವಿಯಲ್ಲಿ ಸುದ್ದಿ ಓದುವವರು, ಎಲ್ಲರದೂ ತುಟಿಯೊಳಗಿನ ಗೊಣಗಾಟ.

ನನ್ನ ಗಾಡಿಗೆ ನಲವತ್ತಾರು ವರ್ಷ. ತಿಳಿ ಹಸಿರು ಬಣ್ಣ, ದುಂಡು ದೀಪಗಳು, ಬೆಳಿಗ್ಗೆ ಚಳಿಗೆ ಚೋಕ್ ಎಳೆದರೆ ಒಂದು ಸಲ ಕೆಮ್ಮಿ ಎದ್ದು ನಿಲ್ಲುತ್ತದೆ. ಅದು ಮಾತಾಡುವ ಗಾಡಿ. ಮೂವತ್ತೆಂಟು ವರ್ಷ ಗ್ಯಾರೇಜಿನಲ್ಲಿ ನಾನು ಅನ್ನ ತಿಂದದ್ದೇ ಗಾಡಿಗಳ ಮಾತು ಕೇಳಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದೆ. ಗ್ಯಾರೇಜಿನವರು ನನ್ನನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೂ ಹಾಗೇ ಕರೆಯುತ್ತಾರೆ.

ಮಗಳಿಗೆ ಈ ಗಾಡಿಯನ್ನು ಕಂಡರಾಗದು. ಹಿಂದಿನ ಸೀಟಿಗೆ ಬೆಲ್ಟಿಲ್ಲ, ಅಪಘಾತವಾದರೆ ಉಬ್ಬುವ ಚೀಲವಿಲ್ಲ, ಓಡಿಸುವವನಿಗೆ ಎಪ್ಪತ್ತೊಂದು ವರ್ಷ ಎಂದು ವರ್ಷದಿಂದ ಜಪ ಮಾಡುತ್ತಿದ್ದಾಳೆ. ಹಳೇ ಕಾರುಗಳನ್ನು ಕೂಡಿಡುವ ಒಬ್ಬರು ಕೇಳಿದ್ದಾರೆ, ಕೊಟ್ಟುಬಿಡಿ ಎನ್ನುತ್ತಾಳೆ. ಕಳೆದ ಭಾನುವಾರ ಊಟಕ್ಕೆ ಬಂದಾಗಲೂ ಅದೇ ರಾಗ. ನನಗೆ ಮೈ ಉರಿಯಿತು.

"ನೋಡಮ್ಮಾ, ನನಗೆ ತಿಳೀದೆ ಒಂದೇ ಒಂದು ಸದ್ದು ಆ ಗಾಡಿಯಲ್ಲಿ ಬರಲಿ. ಅವತ್ತೇ ಕೀ ನಿನ್ನ ಕೈಗೆ ಕೊಟ್ಟುಬಿಡ್ತೀನಿ. ಅಲ್ಲೀವರೆಗೂ ಈ ಮಾತು ಎತ್ತಬೇಡ" ಎಂದೆ, ಎದೆ ತಟ್ಟಿಕೊಂಡು.

ಮಗಳು ತಾಯಿಯ ಮುಖ ನೋಡಿದಳು. ತಾಯಿ ತನ್ನ ತಟ್ಟೆ ನೋಡಿಕೊಂಡಳು. ಗೆದ್ದೆ ಎಂದುಕೊಂಡು ಇನ್ನೆರಡು ತುತ್ತು ಹೆಚ್ಚೇ ಉಂಡೆ.

ಊಟವಾದ ಮೇಲೆ ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಸಂಜೆ ತಂಗಿಯ ಮನೆಗೆ ಹೋಗುವುದಿತ್ತಲ್ಲ, ಗಾಡಿ ಒಮ್ಮೆ ನೋಡಿಬಿಡೋಣವೆಂದು ಶೆಡ್ಡಿಗೆ ಹೋಗಿ ಸ್ಟಾರ್ಟ್ ಮಾಡಿದೆ. ಹೆಂಡತಿ ಹಿಂದೆಯೇ ಬಂದು ಶೆಡ್ಡಿನ ಬಾಗಿಲು ಮುಂದೆ ಮಾಡಿದಳು. ನನ್ನ ತೀರಾ ಹತ್ತಿರ ನಿಂತು ಹೇಳಿದಳು.

"ರೀ, ಆ ಕಟಕಟ ಮೊದಲು ಸರಿ ಮಾಡಿ. ಅವಳ ಮುಂದೆ ಅಂಥ ಮಾತಾಡೋದು ಯಾಕೆ ಬೇಕಿತ್ತು?"

"ಯಾವ ಕಟಕಟ?"

"ಎರಡು ತಿಂಗಳಿಂದ ಬರ್ತಿದೆಯಲ್ರೀ! ನಿಮಗೆ ಗೊತ್ತು, ಸಮಯ ನೋಡಿ ಮಾಡ್ತೀರ ಅಂದ್ಕೊಂಡಿದ್ದೆ."

"ನಿನ್ನ ತಲೆ! ಹೊಲಿಗೆ ಮೆಷಿನ್ ಥರ ಓಡ್ತಿದೆ!"

"ಕಿರುಚಬೇಡಿ. ಒಳಗೆ ಕೇಳಿಸುತ್ತೆ."

ಬಾನೆಟ್ ಎತ್ತಿ, ಸ್ಕ್ರೂಡ್ರೈವರನ್ನು ಎಂಜಿನ್ನಿನ ಮುಚ್ಚಳದ ಮೇಲೆ ಊರಿ ಹಿಡಿಯನ್ನು ಬಲಗಿವಿಗೆ ಒತ್ತಿದೆ. ಗುಂಯ್ ಎನ್ನುವ ಒಂದೇ ನಾದ. ಎಡಗಿವಿಗೆ ಒತ್ತಿದೆ. ಅದೂ ಇಲ್ಲ. ಇವಳಿಗೇ ಏನೋ ಭ್ರಮೆ ಎಂದು ರೇಗುತ್ತಾ ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಮುಚ್ಚಳ ಬಿಚ್ಚಿದೆ. ಒಳಗೆ ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ಟುಗಳ ಸಾಲು; ಸಂದು ಅಳೆಯುವ ತಗಡಿನ ಎಲೆಯನ್ನು ಒಂದೊಂದೇ ಟ್ಯಾಪೆಟ್ಟಿನ ಕೆಳಗೆ ತೂರಿಸಿದೆ. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ ಎಲೆ ಸಲೀಸಾಗಿ ನುಗ್ಗಿತು. ಜೊತೆಗೆ ಇನ್ನೊಂದು ಎಲೆ ಸೇರಿಸಿದೆ. ಅದೂ ನುಗ್ಗಿತು.

ಇಷ್ಟು ಸಡಿಲವಾದ ಟ್ಯಾಪೆಟ್ ರಸ್ತೆಯ ಆ ಬದಿಗೂ ಕೇಳಿಸಬೇಕು. ಗ್ಯಾರೇಜಿಗೆ ಇಂಥ ಗಾಡಿ ತಿರುವಿನಲ್ಲಿ ಬರುವಾಗಲೇ ನಾನು ಕೂತಲ್ಲಿಂದ ಹೇಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಬಿಗಿ ಮಾಡಿಬಿಡಿ, ಹತ್ತು ನಿಮಿಷದ ಕೆಲಸ. ನಾನು ಯಾರಿಗೂ ಹೇಳಲ್ಲ" ಎಂದಳು ಹೆಂಡತಿ.

ಬಿಗಿ ಮಾಡಿದೆ. ಕೈಗೆ ಕೆಲಸ ಮರೆತಿರಲಿಲ್ಲ. ಸಂದು ಅಳತೆಗೆ ಬಂತು, ಮುಚ್ಚಳ ಕೂತಿತು, ಗಾಡಿ ಶುರುವಾಯಿತು. "ಹೋಯ್ತು" ಎಂದು ಅವಳು ಖುಷಿಯಿಂದ ತಲೆಯಾಡಿಸಿದಳು. ನನಗೆ ಮೊದಲಿನ ಸದ್ದಿಗೂ ಈಗಿನದಕ್ಕೂ ಏನೇನೂ ವ್ಯತ್ಯಾಸ ತಿಳಿಯಲಿಲ್ಲ. ನನ್ನ ಗಾಡಿ ಸರಿಯಾಯಿತೆಂದು ಇನ್ನೊಬ್ಬರು ಹೇಳಿ ನಾನು ನಂಬುವ ಹಾಗಾಯಿತಲ್ಲ! ಆ ಸಿಟ್ಟಿಗೇ ಕೀ ಕಿತ್ತುಕೊಂಡು ಅಡುಗೆಮನೆಗೆ ನಡೆದೆ. ಹೆಂಡತಿ "ರೀ, ರೀ" ಎನ್ನುತ್ತಾ ಹಿಂದೆ ಬಂದಳು.

ಮಗಳ ಒದ್ದೆ ಕೈಯಲ್ಲಿ ಕೀ ಇಟ್ಟೆ. "ತಗೋ. ಮೂರನೇ ಟ್ಯಾಪೆಟ್ ಎರಡು ತಿಂಗಳಿಂದ ಕಟಕಟ ಅಂತಿತ್ತಂತೆ. ನನಗೆ ಕೇಳಿಸಿಲ್ಲ."

ಅವಳು ಗೆದ್ದವಳ ಹಾಗೆ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಅವಳ ಕಣ್ಣು ತುಂಬಿತು.

"ನಂಗೂ ಗೊತ್ತಿತ್ತಪ್ಪಾ."

"ಗೊತ್ತಿತ್ತಾ? ಮತ್ತೆ ಬಾಯಿ ಬಿಟ್ಟು ಹೇಳೋಕೇನು ಧಾಡಿ ನಿಮಗೆ? ತಾಯಿ ಮಗಳು ಸೇರಿ ಆಟ ಆಡ್ತಿದೀರಾ?"

"ಹೇಳಿದ್ವಲ್ಲಪ್ಪಾ" ಎಂದಳು ಮಗಳು, ನನ್ನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಪದ ಬಿಡಿಸಿ. "ನಾನೊಂದು ಸಲ ಹೇಳಿದೆ. ಅಮ್ಮ ಎರಡು ಸಲ ಹೇಳಿದ್ರು. ನೀವು ಹ್ಞೂಂ ಹ್ಞೂಂ ಅಂತ ತಲೆಯಾಡಿಸಿದ್ರಿ."

ಆ ಹ್ಞೂಂ ನನಗೆ ಗೊತ್ತು. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಊಟದ ಮೇಜಿನಲ್ಲಿ, ಮೊಮ್ಮಗಳು ಫೋನು ಮಾಡಿದಾಗ, ದಿನಕ್ಕೆ ಹತ್ತು ಸಲವಾದರೂ ಅನ್ನುತ್ತೇನೆ.

"ಹಾಗಾದ್ರೆ ಇನ್ನೂ ಏನೇನು ಹೇಳಿದೀರಿ ನನಗೆ?" ಎಂದು ಕೇಳಿದೆ.

ಹೆಂಡತಿ ಕುರ್ಚಿಯೊಂದನ್ನು ತನ್ನ ಪಕ್ಕಕ್ಕೆ ಎಳೆದಳು.

"ಕೂತ್ಕೊಳ್ಳಿ" ಎಂದಳು. "ತುಂಬಾ ಇದೆ."